ಒಂದು ಮಂಕರಿ ಗೊಬ್ಬರ

ನಮ್ಮ ಮನೆಯಲ್ಲಿದ್ದದ್ದು ಒಂದು ಹಸು, ಎರಡು ತಿಪ್ಪೆ. ಒಂದು ಹಸುವಿನ ಸಗಣಿಗೆ ಇಬ್ಬರು ವಾರಸುದಾರರಿದ್ದರೆ ಆ ಮನೆಯಲ್ಲಿ ಬೆಳಗಾಗುವುದು ಹೇಗೆ ಎಂಬುದು ಅನುಭವಿಸಿದವರಿಗೇ ಗೊತ್ತು. ಬೇರೆ ಮನೆಯ ಮಕ್ಕಳು ಕೋಳಿ ಕೂಗಿಗೋ ರೇಡಿಯೊ ಸದ್ದಿಗೋ ಏಳುತ್ತಿದ್ದಿರಬೇಕು. ನಾನು ಏಳುತ್ತಿದ್ದದ್ದು ಕೊಟ್ಟಿಗೆಯಿಂದ ಬರುತ್ತಿದ್ದ ಅಜ್ಜಿಯ ಕೂಗಿಗೆ.

"ಯಾರ್ಲಾ ಅದು, ನಾನ್ ಏಳಾಕ್ ಮುಂಚೆ ಸಗಣಿ ಎತ್ಕಂಡ್ ಓದೋರು?"

ಎತ್ತಿಕೊಂಡು ಹೋದವರು ಯಾರೆಂದು ಅಜ್ಜಿಗೆ ಚೆನ್ನಾಗಿಯೇ ಗೊತ್ತಿತ್ತು. ಆ ಮನೆಯಲ್ಲಿ ಸಗಣಿ ಕದಿಯುವಷ್ಟು ಓದಿಕೊಂಡವನು ಅಪ್ಪ ಒಬ್ಬನೇ. ಅವನು ಆಗಲೇ ಹಿತ್ತಿಲ ಮೂಲೆಯಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು, ಬಕೆಟ್ಟಿನಲ್ಲಿ ಸಗಣಿ ಕದಡಿ, ದೇವರಿಗೆ ಅಭಿಷೇಕ ಮಾಡುವವನ ಹಾಗೆ ತನ್ನ ಗುಂಡಿಗೆ ಸುರಿಯುತ್ತಿರುತ್ತಿದ್ದ. ಅಜ್ಜಿ ಕೂಗಿದಷ್ಟೂ ಮೆಲ್ಲಗೆ ಸುರಿಯುತ್ತಿದ್ದ. ನಾನು ಹಾಸಿಗೆಯಲ್ಲೇ ಕಣ್ಣುಮುಚ್ಚಿ, ಇವತ್ತು ಇವರಿಬ್ಬರಲ್ಲಿ ಯಾರು ಊಟ ಬಿಡುತ್ತಾರೆ, ಯಾರನ್ನು ಊಟಕ್ಕೆ ಎಬ್ಬಿಸಲು ನನ್ನನ್ನು ಕಳಿಸುತ್ತಾರೆ ಎಂದು ಚಿಂತೆ ಶುರು ಮಾಡುತ್ತಿದ್ದೆ. ಇವತ್ತಿಗೂ ಎದ್ದ ತಕ್ಷಣ ನನಗೆ ಮೊದಲು ಬರುವುದು ಚಿಂತೆ, ಆಮೇಲೆ ಅದಕ್ಕೊಂದು ಕಾರಣ. ಇದು ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ತೋರಿಸುವುದು ಆ ಹಿತ್ತಿಲನ್ನು.

ಮನೆ ಇದ್ದದ್ದು ಕೊಳ್ಳೇಗಾಲದ ಅಂಚಿನಲ್ಲಿ. ಆಗ ಅದು ಅಂಚು. ಈಗ ಅಲ್ಲಿ ನಿಂತರೆ ಊರು ಎರಡೂ ಕಡೆಗೆ ಸಮವಾಗಿ ಕಾಣುತ್ತದೆ. ಉದ್ದನೆಯ ಹೆಂಚಿನ ಮನೆ. ಜಗಲಿಯಲ್ಲಿ ನಿಂತು ಕೂಗಿದರೆ ಹಜಾರ, ಅಡುಗೆಮನೆ, ಕೊಟ್ಟಿಗೆ, ಬಚ್ಚಲು ದಾಟಿ ಹಿತ್ತಿಲಿನಲ್ಲಿದ್ದವರಿಗೆ ಅರ್ಧ ಮಾತು ಮಾತ್ರ ತಲುಪುತ್ತಿತ್ತು. ಉಳಿದರ್ಧವನ್ನು ಅವರವರೇ ತಮಗೆ ಬೇಕಾದಂತೆ ತುಂಬಿಕೊಂಡು ಜಗಳಕ್ಕೆ ಬರುತ್ತಿದ್ದರು. ಹಿತ್ತಿಲು ವಿಶಾಲವಾಗಿತ್ತು, ಆದರೆ ಪೂರ್ತಿ ಚೌಳು. ಬೇಸಿಗೆಯಲ್ಲಿ ನೆಲದ ಮೇಲೆ ಉಪ್ಪು ಚೆಲ್ಲಿದಂತೆ ಬಿಳಿ ಪೊರೆ ಬರುತ್ತಿತ್ತು. ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಎಡಕ್ಕೆ ಬೇವಿನ ಮರದ ಕೆಳಗೆ ಅಜ್ಜಿಯ ತಿಪ್ಪೆ. ಬಲಕ್ಕೆ ಸೀಬೆ ಮರದ ಬುಡದಲ್ಲಿ ಅಪ್ಪನ ಗುಂಡಿ. ನಡುವೆ ಬಕೆಟ್ಟು ಹಿಡಿದುಕೊಂಡು ನಾನು.

ಅಪ್ಪ ಯಳಂದೂರಿನ ಕಡೆ ಅಗರದ ಶಾಲೆಯಲ್ಲಿ ಮೇಷ್ಟ್ರಾಗಿದ್ದ. ಯಾವುದೋ ತರಬೇತಿಗೆ ಹೋಗಿ ಬಂದವನು ಬಸ್ಸಿಳಿದವನೇ ಬಟ್ಟೆ ಕೂಡ ಬದಲಿಸದೆ, ದಾರ ಗೂಟ ಹಿಡಿದು ಹಿತ್ತಿಲನ್ನು ಅಳೆದ. ಆ ಭಾನುವಾರ ಗುಂಡಿ ತೋಡಿದ. ಒಂದು ಪದರ ಒಣ ಎಲೆ, ಒಂದು ಪದರ ಹಸಿ ಕಸ, ಅದರ ಮೇಲೆ ಸಗಣಿ ನೀರು, ಮೇಲೊಂದಿಷ್ಟು ಮಣ್ಣು, ಹೀಗೆ. ಹದಿನೈದು ದಿನಕ್ಕೊಮ್ಮೆ ಅಡಿಯದ್ದು ಮೇಲಕ್ಕೆ, ಮೇಲಿನದು ಅಡಿಗೆ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತಿದ್ದಳು.

"ತಿಪ್ಪೆನ ನೆಲದ್ಮೇಲೆ ಆಕ್ತಾರೆ ಕಣ್ಲಾ. ಗುಂಡಿ ತೋಡಿ ಮುಚ್ಚಾದು ಬ್ಯಾರೆದುನ್ನ."

"ಅವ್ವಾ, ಇದು ತಿಪ್ಪೆ ಅಲ್ಲ. ಕಾಂಪೋಸ್ಟು. ವೈಜ್ಞಾನಿಕ."

"ವಾಸ್ನೆ ಒಂದೇಯ."

ಅಲ್ಲಿಂದ ನಮ್ಮ ಮನೆಯ ಕಸಕ್ಕೆ ಬೆಲೆ ಬಂತು. ಅದುವರೆಗೆ ಯಾರೂ ತಿರುಗಿ ನೋಡದಿದ್ದ ಬದನೆಕಾಯಿ ತೊಟ್ಟಿಗೆ, ಈರುಳ್ಳಿ ಸಿಪ್ಪೆಗೆ, ಒಲೆಯ ಬೂದಿಗೆ, ಅಂಗಳ ಗುಡಿಸಿದ ತರಗಿಗೆ ಇಬ್ಬರು ಹಕ್ಕುದಾರರಾದರು. ಬೆಳಗಿನ ಸಗಣಿ ಅಜ್ಜಿಗೆ, ಸಂಜೆಯದು ಅಪ್ಪನಿಗೆ ಎಂದು ನನ್ನ ಅವ್ವ ರಾಜಿ ಮಾಡಿಸಿದಳು. ಹಸು ಮಾತ್ರ ಈ ರಾಜಿಗೆ ಒಪ್ಪದೆ ತನಗೆ ತೋಚಿದಾಗ ಸಗಣಿ ಹಾಕುತ್ತಿತ್ತು. ಅಡುಗೆಮನೆಯ ಕಸದ ಬಕೆಟ್ಟು ನನ್ನ ಪಾಲಿಗೆ ಬಂತು. ನಾನು ಬಚ್ಚಲ ಕಲ್ಲಿನ ಮೇಲೆ ಕೂತು ಸಿಪ್ಪೆಗಳನ್ನು ಎರಡು ಗುಡ್ಡೆ ಮಾಡುತ್ತಿದ್ದೆ. ಅಜ್ಜಿಯದು ದೊಡ್ಡದಾಯಿತೇ, ಅಪ್ಪನದಕ್ಕೆ ಬಾಳೆಹಣ್ಣಿನ ಸಿಪ್ಪೆ ಕಡಿಮೆಯಾಯಿತೇ ಎಂದು ಇಲ್ಲಿಂದ ತೆಗೆದು ಅಲ್ಲಿಗೆ, ಅಲ್ಲಿಂದ ತೆಗೆದು ಇಲ್ಲಿಗೆ. ನನ್ನ ಓರಗೆಯ ಹುಡುಗಿಯರು ಬೀದಿಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದರು. ನಾನು ನುಗ್ಗೆಕಾಯಿ ಚರಟಕ್ಕೆ ನ್ಯಾಯ ಒದಗಿಸುತ್ತಿದ್ದೆ.

ಇದರ ಜೊತೆಗೆ ಬೆಂಕಿಯ ಭಯ. ಅಪ್ಪ ಒಂದು ಕಬ್ಬಿಣದ ಸಲಾಕೆಯನ್ನು ಗುಂಡಿಗೆ ಚುಚ್ಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಎಳೆದು, ಅದರ ತುದಿಯನ್ನು ನನ್ನ ಕೈಗೆ ಮುಟ್ಟಿಸುತ್ತಿದ್ದ. "ಬಿಸಿ ಬಂದದಾ ನೋಡು, ಬಿಸಿ ಬಂದದಾ?" ಬಿಸಿ ಬಂದರೆ ಒಳಗೆ ಕೆಲಸ ನಡೆಯುತ್ತಿದೆ ಎಂದು ಅವನಿಗೆ ಸಂತೋಷ. ನೆಲದೊಳಗೆ ಬಿಸಿ ಇದೆ ಎಂದರೆ ಇವತ್ತಲ್ಲ ನಾಳೆ ಬೆಂಕಿ ಹತ್ತುತ್ತದೆ, ಮೊದಲು ಕೊಟ್ಟಿಗೆ, ಆಮೇಲೆ ಅಡುಗೆಮನೆ, ಆಮೇಲೆ ನಾವು ಎಂದು ನನಗೆ ನಡುಕ. ಮಲಗುವ ಮುಂಚೆ ತಲೆದಿಂಬಿನ ಪಕ್ಕ ಒಂದು ಚೊಂಬು ನೀರಿಟ್ಟುಕೊಳ್ಳುತ್ತಿದ್ದೆ. ಕೂಸಿಗೆ ಬಾಯಾರಿಕೆ ರೋಗವಿರಬೇಕು ಎಂದು ಅಜ್ಜಿ ತಾಯಿತ ಕಟ್ಟಿಸಿದಳು.

ಇಷ್ಟೆಲ್ಲ ಗೊಬ್ಬರದ ಮನೆಯಲ್ಲಿ ಅವ್ವನಿಗೆ ಬೇಕಾಗಿದ್ದದ್ದು ಒಂದು ಮಂಕರಿ. ಹೊಲಕ್ಕೆ ಗೊಬ್ಬರ ಹೊರುತ್ತಾರಲ್ಲ, ಆ ಬಿದಿರಿನ ಮಂಕರಿಯಲ್ಲಿ ಒಂದೇ ಒಂದು.

ಅವ್ವ ಕೌದಳ್ಳಿಯವಳು. ಹನೂರು ದಾಟಿ ಮಾದಪ್ಪನ ಬೆಟ್ಟದ ದಾರಿಯಲ್ಲಿ ಸಿಗುವ ಊರು. ಅಜ್ಜಿಯ ಲೆಕ್ಕದಲ್ಲಿ ಹನೂರಿನಿಂದ ಆಚೆಗೆ ಮನುಷ್ಯರು ಇರುವುದು ಅನುಮಾನ. ಅವ್ವನ ತವರಿನ ಮನೆಯ ಮುಂದೆ ಒಂದು ಚಪ್ಪರ, ಚಪ್ಪರದ ತುಂಬ ಸೋರೆ ಬಳ್ಳಿ. ಉದ್ದನೆಯ ಸೋರೆಯಲ್ಲ, ಕೈಯಲ್ಲಿ ಹಿಡಿಯುವಷ್ಟು ಗುಂಡಗೆ, ಕುತ್ತಿಗೆ ಮೋಟು, ಬೇಯಿಸಿದರೆ ಬೆಣ್ಣೆ. ಅವ್ವನ ತಾಯಿ, ತಮಿಳು ಬೆರೆಸಿ ಮಾತಾಡುವವಳು, ಅದನ್ನು 'ಸೊರಕ್ಕಾ' ಎನ್ನುತ್ತಿದ್ದಳಂತೆ. ಆ ತಾಯಿ ಹೋದಳು. ಸೋದರಮಾವಂದಿರು ಚಪ್ಪರ ಕಿತ್ತು ರಸ್ತೆಗೆ ಮುಖ ಮಾಡಿ ಅಂಗಡಿ ಮಳಿಗೆ ಕಟ್ಟಿದರು. ಉಳಿದದ್ದು ತಾಯಿ ಬೂದಿ ಸವರಿ ಬಟ್ಟೆಯಲ್ಲಿ ಕಟ್ಟಿಕೊಟ್ಟಿದ್ದ ಒಂದು ಬೊಗಸೆ ಬೀಜ. ಅವ್ವ ಅದನ್ನು ಅಡುಗೆಮನೆಯ ಅಟ್ಟದ ಮೇಲೆ ಡಬ್ಬಿಯಲ್ಲಿಟ್ಟಿದ್ದಳು. ಅಮಾವಾಸ್ಯೆಗೊಮ್ಮೆ ಇಳಿಸಿ, ಬಿಸಿಲು ತೋರಿಸಿ, ಮತ್ತೆ ಬೂದಿ ಸವರಿ ಇಡುತ್ತಿದ್ದಳು.

"ಬೀಜುಕ್ಕೂ ವಯಸ್ಸಾಯ್ತದೆ ಮೊಗಾ," ಎನ್ನುತ್ತಿದ್ದಳು. "ಇಂಗೇ ಮಡಿಕಂಡಿದ್ರೆ ಒಂದಿನ ಕಲ್ಲಾಯ್ತದೆ. ಆಮೇಲೆ ಈ ಸೋರೆ ಎಲ್ಲೂ ಇಲ್ಲ."

ನಮ್ಮ ಚೌಳಿನಲ್ಲಿ ಅದು ಬರುವಂತಿರಲಿಲ್ಲ. ಬಚ್ಚಲ ನೀರು ಹರಿಯುವಲ್ಲಿ ಎರಡು ಗುಣಿ ತೆಗೆದು, ಒಳ್ಳೆಯ ಗೊಬ್ಬರ ತುಂಬಿ ನೆಟ್ಟರೆ ಹಿಡಿಯಬಹುದು. ಅದಕ್ಕೆ ಮಂಕರಿ ಗೊಬ್ಬರ. ಕೇಳುವುದಕ್ಕೆ ಎಷ್ಟು ಸುಲಭ! ಒಂದು ಸಂಜೆ ಮುದ್ದೆ ಬಡಿಸುತ್ತಾ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಅತ್ತೆ, ನಿಮ್ ತಿಪ್ಪೇಲಿ ಒಂದ್ ಮಂಕ್ರಿ ಗೊಬ್ರ ತಕಳ್ಲಾ?"

"ಇವತ್ತು ಏನ್ ವಾರ?"

"ಸ್ವಾಮಾರ."

"ಮಾದಪ್ಪನ ವಾರ ತಿಪ್ಪೆ ಮುಟ್ಟಾದಾ? ಅಯ್ಯೋ ನಿನ್ನ, ಬೆಟ್ಟದ್ ದಾರೀಲೇ ಉಟ್ದೋಳು, ಇದ್ನೂ ನಾನೇ ಏಳ್ಕೊಡ್ಬೇಕಾ?"

ಮಂಗಳವಾರ ಲಕ್ಷ್ಮಿ ಹೊರಟುಹೋಗುತ್ತಾಳೆ. ಶುಕ್ರವಾರ ಕೇಳಲೇಬಾರದು. ದೀಪ ಹಚ್ಚಿದ ಮೇಲೆ ಬಾಯಿ ಬಿಡಬಾರದು. ಇವುಗಳ ನಡುವೆ ಉಳಿದ ದಿನಗಳಲ್ಲಿ ಅಜ್ಜಿ ಧನಗೆರೆಯ ನಮ್ಮ ಹೊಲಕ್ಕೆ ಹೋಗಿರುತ್ತಿದ್ದಳು. ಅಜ್ಜಿಗೆ ತಿಪ್ಪೆ ಎಂದರೆ ಬರೀ ಗೊಬ್ಬರವಲ್ಲ, ತಿಪ್ಪಮ್ಮ. ದೀಪಾವಳಿಯಲ್ಲಿ ಅದರ ನೆತ್ತಿಗೆ ಸಗಣಿ ಉಂಡೆಯಿಟ್ಟು, ಹುಚ್ಚೆಳ್ಳು ಹೂ ಸಿಕ್ಕಿಸಿ, ದೀಪ ಹಚ್ಚಿ ಕೈಮುಗಿಯುತ್ತಿದ್ದಳು. ಯುಗಾದಿ ಕಳೆದು ಮಳೆ ಹನಿದ ಮೇಲೆ, ಹೊಲ ನೋಡಿಕೊಳ್ಳುತ್ತಿದ್ದ ಚಿಕ್ಕಪ್ಪ ಧನಗೆರೆಯಿಂದ ಗಾಡಿ ತರುತ್ತಿದ್ದ. ಆಗಲೇ ತಿಪ್ಪೆ ಒಡೆಯಬೇಕು, ಗಂಡಸರೇ ಒಡೆಯಬೇಕು, ಮೊದಲ ಮಂಕರಿ ಹೊಲಕ್ಕೇ ಹೋಗಬೇಕು. "ಗಾಡಿ ತುಂಬ್ದ ಮ್ಯಾಕೆ ಉಳುದ್ರೆ ನೀ ತಕಳಮ್ಮಿ, ಬ್ಯಾಡ ಅಂದೋರ್ಯಾರು?" ಎನ್ನುತ್ತಿದ್ದಳು ಉದಾರವಾಗಿ. ಚಿಕ್ಕಪ್ಪ ಕೊನೆಗೆ ಪೊರಕೆ ತೆಗೆದುಕೊಂಡು ನೆಲ ಗುಡಿಸಿ ತುಂಬಿಕೊಂಡು ಹೋಗುತ್ತಿದ್ದ.

ಅಪ್ಪನನ್ನು ಕೇಳಿದರೆ ಅವನು ಗುಂಡಿಯ ಹತ್ತಿರ ಹೋಗಿ ಒಂದು ಹಿಡಿ ಎತ್ತಿ, ಕಣ್ಣುಮುಚ್ಚಿ ಮೂಸಿ, ತಲೆಯಾಡಿಸುತ್ತಿದ್ದ.

"ಇನ್ನೂ ಪಕ್ವ ಆಗಿಲ್ಲ. ಮೊದಲ ಮಳೆ ಬಿದ್ದ ಮಣ್ಣಿನ ಘಮ ಬರಬೇಕು. ಇನ್ನೊಂದು ಸಲ ತಿರುವಿ ಹಾಕ್ತೀನಿ, ತಡಿ."

"ಓದ್ ವರ್ಸಾನೂ ಇದ್ನೇ ಏಳುದ್ರಿ."

"ಅವಸರ ಮಾಡಿದ್ರೆ ಬೇರು ಸುಟ್ಟೋಗ್ತದೆ. ವಿಜ್ಞಾನ ಇದು."

ವಿಜ್ಞಾನವೇನೋ ಸರಿ. ಆದರೆ ಆ ಪುಣ್ಯಾತ್ಮ ದಿನಾ ಸಂಜೆ ಅದೇ ಗುಂಡಿಗೆ ಹೊಸ ಸಗಣಿ, ಹೊಸ ಸಿಪ್ಪೆ ಸುರಿಯುತ್ತಿದ್ದ. ತಿರುವಿದಾಗ ಅದೆಲ್ಲ ಅಡಿಗೆ ಹೋಗಿ ಹಳೆಯದರ ಜೊತೆ ಕಲಸಿಹೋಗುತ್ತಿತ್ತು. ಕುದಿಯುವ ಅನ್ನಕ್ಕೆ ಗಳಿಗೆಗೊಂದು ಹಿಡಿ ಅಕ್ಕಿ ಹಾಕುತ್ತಾ ಇನ್ನೂ ಬೆಂದಿಲ್ಲ, ಇನ್ನೂ ಬೆಂದಿಲ್ಲ ಎಂದರೆ ಹೇಗೆ? ಒಂದು ಗುಂಡಿ ತುಂಬಿದರೆ ಅದನ್ನು ಮುಚ್ಚಿಟ್ಟು ಇನ್ನೊಂದನ್ನು ಶುರು ಮಾಡಬೇಕು ಎಂಬುದು ಆ ತರಬೇತಿಯ ಎರಡನೆಯ ದಿನದ ಪಾಠವಾಗಿದ್ದಿರಬೇಕು. ಅಪ್ಪ ಎರಡನೆಯ ದಿನ ಯಾರದೋ ಮದುವೆಗೆ ಹೋಗಿದ್ದ. ನಾನೇನೂ ನಗುವಂತಿಲ್ಲ. ಈಗ ನನ್ನ ತಾರಸಿಯ ಮೇಲೂ ಒಂದು ನೀಲಿ ಡ್ರಮ್ಮಿದೆ. ದಿನಕ್ಕೆ ಎಷ್ಟು ಸಲ ಮುಚ್ಚಳ ತೆಗೆದು ನೋಡುತ್ತೇನೆಂದರೆ, ಒಳಗಿನ ಹುಳುಗಳು ನನ್ನ ಮುಖ ಕಂಡು ಬೇಸತ್ತಿರಬೇಕು. ತೇವ ಹೆಚ್ಚಾಯಿತೇ, ಕಡಿಮೆಯಾಯಿತೇ, ಪಕ್ಕದ ಮನೆಯವರಿಗೆ ವಾಸನೆ ಹೋಯಿತೇ? ನನ್ನ ಗಂಡನನ್ನು ಕೇಳಿದರೆ, ಕೊಳೆಯುವುದಕ್ಕೂ ಒಬ್ಬರು ನಿಂತು ಕಾವಲು ಕಾಯಬೇಕೆ ಎನ್ನುತ್ತಾನೆ. ಅವನು ಒಂದೇ ತಿಪ್ಪೆಯ ಮನೆಯಲ್ಲಿ ಬೆಳೆದವನು.

ಒಂದು ವರ್ಷ ಅವ್ವ ಕಾಯಲಾರದೆ ಗೊಬ್ಬರವಿಲ್ಲದೆಯೇ ಬಚ್ಚಲ ಹತ್ತಿರ ಚೌಳನ್ನೇ ಅಗೆದು ಬೀಜ ಹಾಕಿದಳು. ಮೊಳೆತವು. ಎರಡೆರಡು ಎಲೆ ಬಿಟ್ಟವು. ಆಮೇಲೆ ಎಲೆಯ ಅಂಚು ಸುಟ್ಟಂತಾಗಿ, ಒಂದೊಂದಾಗಿ ತಲೆ ಬಾಗಿಸಿದವು. ಅವತ್ತು ಅವ್ವನ ಕೈಯಲ್ಲಿ ಪಾತ್ರೆಗಳು ಮಾತಾಡಿದವು. ಪಕ್ಕದ ಮನೆಯಾಕೆ ಇದನ್ನು ಕಂಡು ಮರುಕದಿಂದ ತಮ್ಮ ತಿಪ್ಪೆಯ ಗೊಬ್ಬರವನ್ನೇ ಒಂದು ಮಂಕರಿ ಕಳಿಸಿದರೆ, ಅಜ್ಜಿ ಅದನ್ನು ಬಾಗಿಲಿನಿಂದಲೇ ವಾಪಸು ಕಳಿಸಿದಳು. ಎರಡೆರಡು ತಿಪ್ಪೆ ಇರುವ ಮನೆಗೆ ಹೊರಗಿನ ಗೊಬ್ಬರ ಬಂದರೆ ಬೀದಿಯಲ್ಲಿ ಮುಖ ಎತ್ತಿ ನಡೆಯುವುದು ಹೇಗೆ? ಅದೂ ನಿಜವೇ. ಆ ಮನೆಯಲ್ಲಿ ಎಲ್ಲರ ಮಾತೂ ನಿಜವೇ ಆಗಿರುತ್ತಿತ್ತು. ಅದೇ ನನಗೆ ತಲೆ ಚಿಟ್ಟು ಹಿಡಿಸುತ್ತಿದ್ದದ್ದು.

ಡಬ್ಬಿಯ ಬೀಜ ಬೊಗಸೆಯಿಂದ ಅರ್ಧ ಹಿಡಿಗೆ ಇಳಿಯಿತು. ನಾನು ತಡೆಯಲಾರದೆ ಹೇಳಿದೆ:

"ಅವ್ವಾ, ಅಜ್ಜಿ ಧನಗೆರೆಗೆ ಓದಾಗ ನಾವೇ ಒಂದ್ ಮಂಕ್ರಿ ತಕಳವ. ಯಾರ್ಗೂ ಗೊತ್ತಾಗಕಿಲ್ಲ."

ಅವ್ವ ಕಾಯಿ ತುರಿಯುತ್ತಿದ್ದವಳು ಈಳಿಗೆಮಣೆಯಿಂದ ತಲೆಯೆತ್ತಿ ನೋಡಿದಳು.

"ನಮ್ಮನೆ ಗೊಬ್ರಾನ ನಾನು ಕದಿಯಾದಾ? ಕದ್ರೆ ಅದು ನಮ್ಮನೇದು ಎಂಗಾಯ್ತದೆ, ಏಳು."

ಆ ಶಿವರಾತ್ರಿ ಕಳೆದ ಮೇಲೆ ಅವ್ವ ಕೇಳುವುದನ್ನು ನಿಲ್ಲಿಸಿಬಿಟ್ಟಳು. ಮುದ್ದೆ ಬಡಿಸುವಾಗಲೂ ಇಲ್ಲ, ಅಪ್ಪ ಗುಂಡಿ ತಿರುವುವಾಗಲೂ ಇಲ್ಲ. ಮನೆ ತಣ್ಣಗಾಯಿತು. ಅಜ್ಜಿಯೂ ಅಪ್ಪನೂ ನೆಮ್ಮದಿಯಾಗಿ ತಮ್ಮ ತಮ್ಮಲ್ಲೇ ಜಗಳವಾಡಿಕೊಂಡಿದ್ದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಕೇಳುವ ಅವ್ವನಿಗಿಂತ ಕೇಳದ ಅವ್ವ ಹೆಚ್ಚು ಭಯ ಹುಟ್ಟಿಸುತ್ತಿದ್ದಳು. ಒಂದು ಮಧ್ಯಾಹ್ನ ಸ್ಟೂಲು ಹಾಕಿ ಹತ್ತಿ ಅಟ್ಟದ ಡಬ್ಬಿ ಇಳಿಸಿ ನೋಡಿದೆ. ತಳದಲ್ಲಿ ಬೂದಿ ಮಾತ್ರ ಇತ್ತು. ಬೇಸತ್ತು ಒಲೆಗೆ ಹಾಕಿಬಿಟ್ಟಳೋ ಏನೋ ಎಂದುಕೊಂಡು ಎರಡು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ. ಅಜ್ಜಿ ಇನ್ನೊಂದು ತಾಯಿತದ ಮಾತೆತ್ತಿದಳು.

ಯುಗಾದಿಗೆ ಮನೆ ಸಾರಿಸುವ ಗಡಿಬಿಡಿಯಲ್ಲಿ ಒಂದು ಬೆಳಗ್ಗೆ ಹಿತ್ತಿಲಿನಿಂದ ಅಜ್ಜಿಯ ಕೂಗು. ಈ ಸಲ ಸಗಣಿಯ ಕೂಗಲ್ಲ.

"ಬಾರೇ ಕೂಸೇ! ಎಲ್ರೂ ಬನ್ರೋ! ತಿಪ್ಪಮ್ಮ ಕಣ್ ಬುಟ್ಟವ್ಳೆ!"

ತಿಪ್ಪೆಯ ಬೇವಿನ ಮರದ ಕಡೆಯ ಇಳಿಜಾರಿನಲ್ಲಿ, ಹಳೆಯ ಗೊಬ್ಬರ ತಣ್ಣಗಾಗಿದ್ದ ಜಾಗದಲ್ಲಿ, ಸೋರೆಯ ಬಳ್ಳಿಯೊಂದು ಎದ್ದಿತ್ತು. ಅಂಗೈಯಗಲ ಎಲೆ, ಎಳೆಯ ಕುಡಿ, ಗಾಳಿಗೆ ಚಾಚಿದ ಸುರುಳಿ. ಇಂಥ ಕಡುಹಸಿರು ಆ ಹಿತ್ತಿಲಿನಲ್ಲಿ ನಾವು ಕಂಡದ್ದೇ ಇಲ್ಲ. ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡಳು. "ಮದ್ವೆಯಾಗಿ ಬಂದಾಗ್ಲಿಂದ ದೀಪ ಮಡಗ್ತಾ ಇವ್ನಿ. ಇವತ್ತು ಒಂದ್ ಮಾತಾಡುದ್ಲು." ಅಪ್ಪ ಕನ್ನಡಕ ಸರಿಮಾಡಿಕೊಂಡು, ಯಾವುದೋ ಹಕ್ಕಿ ಬೀಜ ಉದುರಿಸಿರಬೇಕು, ಇಲ್ಲವೇ ತನ್ನ ಗುಂಡಿಯ ಸಾರ ನೆಲದಡಿಯಲ್ಲಿ ಇಲ್ಲಿಯವರೆಗೂ ಹರಿದಿರಬೇಕು ಎಂದ. ಅಜ್ಜಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಅವ್ವನ ಕಡೆ ನೋಡಿದೆ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಅಷ್ಟು ಭಕ್ತಿಯಿಂದ ಅವಳು ಕಲ್ಲು ಆರಿಸಿದ್ದನ್ನು ನಾನು ಹಿಂದೆಯೂ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ. ಡಬ್ಬಿ ಯಾಕೆ ಖಾಲಿಯಾಗಿತ್ತು ಎಂಬುದು ಆಗ ನನಗೆ ತಿಳಿಯಿತು. ತಿಳಿದದ್ದರಿಂದ ಏನು ಬಂತು? ಹಳೆಯ ಚಿಂತೆ ಹೋಗಿ ಹೊಸದು ಬಂತು. ಗಾಡಿ ಬಂದ ದಿನ ಏನು ಗತಿ?

ಅಲ್ಲಿಂದ ಆ ಬಳ್ಳಿಗೆ ನಡೆದ ಸೇವೆ ನಮ್ಮ ಮನೆಯ ಬಾಣಂತಿಯರಿಗೂ ನಡೆದಿರಲಿಲ್ಲ. ಅಜ್ಜಿ ಸುತ್ತಲೂ ಕಾರೆಮುಳ್ಳು ಕಟ್ಟಿದಳು. ಬೆಳಗ್ಗೆ ಅರಿಶಿನ ಕುಂಕುಮ, ಸಂಜೆ ದೀಪ. ದೀಪದ ಎಣ್ಣೆಯನ್ನು ಅವ್ವನೇ ಬಟ್ಟಲಲ್ಲಿ ತಂದು ಕೊಡುತ್ತಿದ್ದಳು. ಬಳ್ಳಿ ಬೇವಿನ ಮರ ಹತ್ತಿತು. ಸಂಜೆ ಹೊತ್ತಿಗೆ ಬಿಳಿಯ ಹೂಗಳು ಅರಳಿ ಮರಕ್ಕೆ ಸುಣ್ಣದ ಚುಕ್ಕೆ ಇಟ್ಟಂತೆ ಕಾಣುತ್ತಿತ್ತು. ನೋಡನೋಡುತ್ತ ಹೂವಿನ ಹಿಂದೆ ನವಿರು ರೋಮದ ಹೀಚು ಕಟ್ಟಿದವು. ಗುಂಡಗಿನ ಹೀಚು, ಮೋಟು ಕುತ್ತಿಗೆ.

ಹೀಚು ಕಟ್ಟಿದ ವಾರದಲ್ಲೇ ಮಳೆ ಬಿತ್ತು. ಮಳೆ ಬಿದ್ದ ಬೆಳಗ್ಗೆಯೇ ಚಿಕ್ಕಪ್ಪ ಗಾಡಿ ಹೊಡೆದುಕೊಂಡು ಬಂದ. ಇಬ್ಬರು ಆಳುಗಳು, ಗುದ್ದಲಿ, ಮಂಕರಿ. ಹಿತ್ತಿಲಿಗೆ ಬಂದವನು ತಿಪ್ಪೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದ ಅಜ್ಜಿಯನ್ನು ಕಂಡು ನಿಂತ.

"ಏಳವ್ವ ಆ ಕಡೀಕೆ. ಬಿಸ್ಲು ಏರಾಕ್ ಮುಂಚೆ ಎರಡು ಗಾಡಿ ಗೊಬ್ರ ಒಡೀಬೇಕು."

"ಈ ವರ್ಸ ತಿಪ್ಪೆ ಒಡ್ಯಂಗಿಲ್ಲ ಕಣ್ಲಾ. ಪಲ ಇಡ್ದದೆ."

"ಯಾತುಕ್ಕೆ ಪಲ?"

ಅಜ್ಜಿ ಬಳ್ಳಿ ತೋರಿಸಿದಳು. ಚಿಕ್ಕಪ್ಪ ಮೇಲಿನಿಂದ ಕೆಳಗೆ ನೋಡಿದ. ಅವನಿಗೆ ಧನಗೆರೆಯಲ್ಲಿ ಹೊಲ ಕಾಯುತ್ತಿತ್ತು, ಮಳೆ ಕಾಯುವುದಿಲ್ಲ ಎಂಬುದೂ ಗೊತ್ತಿತ್ತು.

"ಅಣ್ಣ, ಅವ್ವುಂಗೆ ನೀನಾರೂ ಏಳು. ವರ್ಸ ಪೂರ್ತಿ ರಾಗಿ ಬುಟ್ಟು ಸೋರೆಕಾಯೇ ಉಣ್ತೀರಾ?"

ಅಪ್ಪ ಇಂಥ ಅವಕಾಶಕ್ಕೆ ಎಷ್ಟು ವರ್ಷದಿಂದ ಕಾದಿದ್ದನೋ. "ಬೇಕಾದ್ರೆ ನನ್ನ ಗುಂಡಿಯಿಂದ ತುಂಬ್ಕೊಂಡ್ ಹೋಗು," ಎಂದ. ಪಕ್ವವಾಗಿಲ್ಲ ಎಂಬುದು ಅವನಿಗೆ ಆ ಕ್ಷಣ ಮರೆತೇ ಹೋಗಿತ್ತು. ಚಿಕ್ಕಪ್ಪ ಗುದ್ದಲಿಯ ತುದಿಯಿಂದ ಗುಂಡಿಯನ್ನು ಕೆದಕಿ ನೋಡಿದ. ನಿನ್ನೆಯ ಬಾಳೆಲೆ ಹಸಿರಾಗಿಯೇ ಮೇಲೆ ಬಂತು.

"ಇದ್ನ ಒಲುಕ್ಕೆ ಆಕುದ್ರೆ ಒಲ ನಗಾಡ್ತದೆ ಕಣಣ್ಣ."

ಅಪ್ಪನ ಮುಖ ಸಣ್ಣದಾಯಿತು. ಚಿಕ್ಕಪ್ಪ ತಾಳ್ಮೆ ಕಳೆದುಕೊಂಡ. ಮುಳ್ಳಿನ ಬೇಲಿಯನ್ನು ಕಾಲಿನಿಂದ ಸರಿಸಿದ. "ತಿಪ್ಪಮ್ಮನೇ ಕೊಟ್ಟಿದ್ರೆ ಆಯಮ್ಮ ಇನ್ನೊಂದ್ ಕೊಡ್ತಾಳೆ ಬುಡವ್ವ, ಅವಳ್ಗೇನ್ ಬಡ್ತನ," ಎಂದು ಗುದ್ದಲಿ ಎತ್ತಿದ.

"ಕೊಡಾದಿಲ್ಲ."

ಎಲ್ಲರೂ ತಿರುಗಿದರು. ಅವ್ವ ಬಚ್ಚಲ ಕಲ್ಲಿನ ಹತ್ತಿರ ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈ ಒದ್ದೆ.

"ಇನ್ನೊಂದು ಕೊಡಾದಿಲ್ಲ. ಅದು ನಮ್ಮವ್ವನ ಬೀಜ. ಡಬ್ಬೀಲಿದ್ದ ಕಡೇವು. ನಾನೇ ಇಕ್ದೆ."

ಚಿಕ್ಕಪ್ಪ ಗುದ್ದಲಿ ಇಳಿಸಿದ. ಆಳುಗಳು ದೂರ ನೋಡತೊಡಗಿದರು. ಅಜ್ಜಿ ಸ್ಟೂಲಿನಿಂದ ಎದ್ದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ಅದನ್ನು ಕಂಡು ನನಗೆ ಎಲ್ಲಾದರೂ ಓಡಿಹೋಗಬೇಕು ಅನ್ನಿಸಿತು.

"ನಾನು ದಿನಾ ದೀಪ ಮಡಗ್ವಾಗ ನೋಡ್ಕಂಡ್ ನಿಂತಿದ್ಯಲ್ಲಮ್ಮಿ!"

"ನಿಂತಿದ್ದೆ. ನಂಗೂ ಕೈ ಮುಗೀಬೇಕು ಅನ್ಸ್ತಿತ್ತು ಅತ್ತೆ. ಮುಗೀತಿದ್ದೆ."

"ನನ್ ತಿಪ್ಪೇಲಿ ಕದ್ದು ಬೀಜ ಇಕ್ಕಿದ್ದೀಯ!"

"ಕದ್ನಿಲ್ಲ. ಒಂದ್ ಇಡಿ ಗೊಬ್ರ ನಾನ್ ಎತ್ನಿಲ್ಲ. ನಂದೇ ಇದ್ದಿದ್ನ ತಂದು ಇಕ್ದೆ."

"ಒಂದ್ ಮಾತು ಕೇಳಿ ಇಕ್ಬಾರ್ದಾಗಿತ್ತಾ?"

ಅವ್ವ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಧ್ವನಿ ಏರಿಸಲಿಲ್ಲ.

"ಕೇಳ್ದೆ ಅತ್ತೆ. ವರ್ಸ ವರ್ಸಾನೂ ಕೇಳ್ದೆ. ಎಲ್ರೂವೆ ಉತ್ರ ಕೊಟ್ರಿ. ಗೊಬ್ರ ಯಾರೂ ಕೊಡ್ನಿಲ್ಲ."

ಇಂಥ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಂಡಿರುವುದು ಅಪ್ಪನ ಜಾಯಮಾನದಲ್ಲೇ ಇರಲಿಲ್ಲ.

"ನನ್ನ ಗುಂಡೀಲೂ ಹಾಕಿದ್ಯಾ?"

"ಇಕ್ಕಿದ್ದೆ. ಬೆಂದೋದೊ."

"ಬೆಂದೋದ್ವಾ?" ಅಪ್ಪನ ಮುಖ ಅರಳಿತು. "ಹಂಗಾದ್ರೆ ಒಳಗೆ ಬಿಸಿ ಚೆನ್ನಾಗಿ ಬಂದದೆ!"

ಅಜ್ಜಿ ಅವ್ವನ ಮೇಲಿದ್ದ ಕಣ್ಣನ್ನು ಮಗನ ಕಡೆಗೆ ತಿರುಗಿಸಿದಳು. ಆ ಒಂದು ನೋಟದಲ್ಲಿ ಅತ್ತೆ ಸೊಸೆ ಇಬ್ಬರೂ ಮೊದಲ ಸಲ ಒಂದೇ ಪಕ್ಷವಾದರೇನೋ ಎಂದು ನನಗೆ ಈಗ ಅನ್ನಿಸುತ್ತದೆ. ಆಗ ಅಪ್ಪನಿಗೆ ಏಟು ಬೀಳುತ್ತದೆ ಎಂದಷ್ಟೇ ಅನ್ನಿಸಿತ್ತು. ಅಜ್ಜಿ ಅಪ್ಪನನ್ನು ಬಿಟ್ಟು ಚಿಕ್ಕಪ್ಪನ ಮೇಲೆ ಹರಿಹಾಯ್ದಳು.

"ಏನ್ಲಾ ಬಾಯ್ ಬುಟ್ಕಂಡು ನಿಂತಿದ್ದೀಯ? ಕೊಟ್ಗೆ ಕಡೆಯಿಂದ ತುಂಬ್ಕಳ್ಲಾ. ಬೇವಿನ್ ಮರದ್ ಕಡೀಕೆ ಗುದ್ಲಿ ತಾಗ್ತು ಅಂದ್ರೆ ನೋಡು, ನಿನ್ ಕಾಲ್ ಮುರೀತೀನಿ."

ಮಧ್ಯಾಹ್ನದವರೆಗೂ ಅಜ್ಜಿ ಬಿಸಿಲಿನಲ್ಲಿ ನಿಂತು ಕಾವಲು ಕಾದಳು. "ಬೇರದೆ, ಮೆತ್ಗೆ ಅಗಿಯೋ. ಅಲ್ಲಲ್ಲ, ಈಚ್ಗೆ ಬಾ." ಗಾಡಿ ಹೋದ ಮೇಲೆ ಉಳಿದ ತಿಪ್ಪೆ ಕತ್ತರಿಸಿದ ಬೆಲ್ಲದಚ್ಚಿನಂತೆ ಒಂದು ಕಡೆ ನೆಟ್ಟಗೆ ಗೋಡೆಯಾಗಿ, ಇನ್ನೊಂದು ಕಡೆ ಬಳ್ಳಿ ಹೊತ್ತುಕೊಂಡು ನಿಂತಿತ್ತು. ಆ ಗೋಡೆ ಕುಸಿದು ಬಳ್ಳಿ ಸಮೇತ ಬೀಳುತ್ತದೆ ಎಂಬುದು ನನ್ನ ಮುಂದಿನ ಚಿಂತೆಯಾಯಿತು. ಬೀಳಲಿಲ್ಲ. ನಾನು ಚಿಂತಿಸಿದ್ದರಲ್ಲಿ ನಡೆದದ್ದು ಬಹಳ ಕಡಿಮೆ. ನಡೆದದ್ದರ ಬಗ್ಗೆ ನಾನು ಚಿಂತಿಸಿರುವುದೇ ಇಲ್ಲ. ಈ ಲೆಕ್ಕ ಗೊತ್ತಿದ್ದೂ ಬುದ್ಧಿ ಬಂದಿಲ್ಲ.

ಅಜ್ಜಿ ಆಮೇಲೆ ಬಹಳ ದಿನ ಅವ್ವನೊಡನೆ ನೇರವಾಗಿ ಮಾತಾಡಲಿಲ್ಲ. ಎದುರಿಗೇ ಕೂತಿರುವ ಅವ್ವನಿಗೆ ನನ್ನ ಮೂಲಕ ಹೇಳಿ ಕಳಿಸುತ್ತಿದ್ದಳು. "ನಿಮ್ಮವ್ವುಂಗೆ ಏಳು, ಸಾರಿಗೆ ಉಪ್ಪು ಕಮ್ಮಿ." "ನಿಮ್ಮಜ್ಜೀಗೆ ಏಳು, ಉಪ್ಪು ಅಲ್ಲೇ ಅದೆ." ಸಂಜೆಯ ದೀಪ ಮಾತ್ರ ತಪ್ಪಲಿಲ್ಲ. ಬೀಜ ಯಾರು ಇಕ್ಕಿದರೇನು, ಹಿಡಿಸಿದವಳು ತಿಪ್ಪಮ್ಮ ತಾನೇ ಎಂದು ಅವಳು ಯಾರೂ ಕೇಳದಿದ್ದರೂ ಗೋಡೆಗೆ ಹೇಳಿಕೊಳ್ಳುತ್ತಿದ್ದಳು. ಸೋರೆಕಾಯಿ ಸಾಲು ಸಾಲಾಗಿ ಇಳಿದವು. ಪಲ್ಯ, ಸಾರು, ದೋಸೆ, ಪಾಯಸ. ಸೋರೆ ಕಂಡರೆ ಆಗದ ಅಪ್ಪ, ಇದು ಶರೀರಕ್ಕೆ ತಂಪು ಎಂದು ತನಗೆ ತಾನೇ ಪಾಠ ಹೇಳಿಕೊಂಡು ನುಂಗುತ್ತಿದ್ದ. ಮೊದಲು ಕಟ್ಟಿದ ಒಂದು ಕಾಯಿಗೆ ಅವ್ವ ತನ್ನ ಹಳೆಯ ರವಿಕೆಯ ಕೆಂಪು ಚಿಂದಿ ಕಟ್ಟಿದ್ದಳು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

ಆ ಕಾಯಿ ಬಳ್ಳಿಯಲ್ಲೇ ಬಲಿತು, ಬಳ್ಳಿ ಒಣಗಿದ ಮೇಲೂ ಮರದಲ್ಲೇ ತೂಗಿ, ಮಾಗಿ, ಮಡಕೆಯ ಬಣ್ಣಕ್ಕೆ ಬಂತು. ಅಲ್ಲಾಡಿಸಿದರೆ ಒಳಗೆ ಗಲಗಲ ಸದ್ದು. ಒಂದು ಬೆಳಗ್ಗೆ ಅವ್ವ ಅದನ್ನು ಇಳಿಸಿ, ಹಿತ್ತಿಲ ಬಾಗಿಲಲ್ಲಿ ಕೂತು, ಗುಂಡುಕಲ್ಲಿನಿಂದ ಒಂದೇ ಏಟು ಕೊಟ್ಟಳು. ಬುರುಡೆ ಒಡೆದು ಬೀಜಗಳು ಮೊರದ ಮೇಲೆ ಸುರಿದವು. ಬೊಗಸೆಯಲ್ಲ, ಬೊಗಸೆ ಬೊಗಸೆ. ಅವ್ವ ಅವುಗಳ ಮೇಲೆ ಅಂಗೈಯಾಡಿಸುತ್ತಾ ಕೂತಳು. ಕೊಟ್ಟಿಗೆಯ ಕಡೆಯಿಂದ ಬಂದ ಅಜ್ಜಿ ಅವಳೆದುರು ಕುಕ್ಕರಗಾಲಲ್ಲಿ ಕೂತಳು. ಆಮೇಲೆ ಮೊರಕ್ಕೆ ಕೈಹಾಕಿ ಒಂದು ದೊಡ್ಡ ಹಿಡಿ ಬೀಜ ಎತ್ತಿ, ಸೆರಗಿನ ತುದಿಗೆ ಹಾಕಿ ಗಂಟು ಕಟ್ಟತೊಡಗಿದಳು. ಧನಗೆರೆಗೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಒಂದ್ ಮಾತು ಕೇಳಿ ತಕಬಾರ್ದಾ ಅತ್ತೆ?" ಎಂದಳು ಅವ್ವ.

ಅಜ್ಜಿ ಗಂಟನ್ನು ಹಲ್ಲಿನಿಂದ ಬಿಗಿದು, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೇಳುದ್ರೆ ನೀನೂ ಉತ್ರ ಕೊಡ್ತಿದ್ದೆ."

ಅವ್ವ ಮೊರವನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದಳು.